ಪೆಡಲ್ ಮೆಲ್ಲಗೆ ಇಳಿಯುತ್ತಿದೆ, ಬ್ರೇಕ್ ಆಯಿಲ್ ಎಲ್ಲಿಗೆ ಹೋಗುತ್ತಿದೆ?

ಪ್ರಶ್ನೆ: ನಮ್ಮ ಮನೆಯಲ್ಲಿ 1999ರ ಮಾರುತಿ ಝೆನ್ ಪೆಟ್ರೋಲ್ ಕಾರಿದೆ. ಅಪ್ಪ ಕೊಂಡದ್ದು, ಮಾರುವ ಮನಸ್ಸಿಲ್ಲ. ಈಚೆಗೆ ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟು ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಜೋರಾಗಿ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಎರಡು ವಾರಕ್ಕೆ ಒಂದು ಬೆರಳಿನಷ್ಟು ಕಡಿಮೆಯಾಗುತ್ತಿದೆ. ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ, ನಾಲ್ಕೂ ಚಕ್ರದ ಹತ್ತಿರ ಒಣಗಿಯೇ ಇದೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಕೂರುವ ಜಾಗದ ಕೆಳಗೆ ಬೂಸ್ಟರ್‌ನ (ಕಾಲಿನ ಬಲ ಹೆಚ್ಚಿಸುವ ಭಾಗ) ಕಪ್ಪು ಬಣ್ಣ ಗುಳ್ಳೆ ಎದ್ದಿದೆ. ಒಬ್ಬ ಮೆಕ್ಯಾನಿಕ್ ಸಿಲಿಂಡರ್‌ಗೆ ಕಿಟ್ (ಹೊಸ ರಬ್ಬರ್ ವಾಷರ್‌ಗಳ ಸೆಟ್) ಹಾಕಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಬೂಸ್ಟರೇ ಹೋಗಿದೆ ಎನ್ನುತ್ತಾರೆ. ಎಂಜಿನ್ ಆಯಿಲ್ ಬದಲಿಸುವುದು, ಕ್ಲಚ್ ಕೇಬಲ್ ಹಾಕುವುದು ನಾನೇ ಮಾಡುತ್ತೇನೆ. ಇದನ್ನೂ ಮಾಡಬಹುದೇ? ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಬದಲು ಡಾಟ್ 4 ಹಾಕಬಹುದೇ? ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗುವುದಿದೆ.
ಓದುಗರು, ಪುತ್ತೂರು

ಉತ್ತರ: ಮೊದಲು ಘಾಟಿಯ ಮಾತು ಮುಗಿಸೋಣ. ಈ ಕೆಲಸ ಆಗುವವರೆಗೆ ಚಾರ್ಮಾಡಿ ಬೇಡ. ಊರೊಳಗೂ ಬೇಡ. ಗ್ಯಾರೇಜ್ ದೂರವಿದ್ದರೆ ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ, ಇಲ್ಲವೇ ಕಾರನ್ನು ಗಾಡಿ ಮೇಲೆ ಹೇರಿ ಕಳಿಸಿ. ಹಗ್ಗ ಕಟ್ಟಿ ಎಳೆಸಬೇಡಿ. ಎಳೆಯುವ ಗಾಡಿ ನಿಂತಾಗ ಹಿಂದಿನ ಕಾರು ನಿಲ್ಲಬೇಕಾದರೆ ಅದಕ್ಕೂ ಬ್ರೇಕೇ ಬೇಕು, ಅಲ್ವಾ?

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ನೀವೇ ಬರೆದ ಲಕ್ಷಣಗಳು. ಬಹಳ ಚೆನ್ನಾಗಿ ಗಮನಿಸಿದ್ದೀರಿ. ಅವುಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಪೆಡಲ್ ಇಳಿಯುವುದು ಒಂದು, ಆಯಿಲ್ ಕಾಣೆಯಾಗುವುದು ಇನ್ನೊಂದು. ಎರಡೂ ಒಂದೇ ಸಿಲಿಂಡರ್‌ನಲ್ಲಿ, ಎರಡು ಬೇರೆ ವಾಷರ್‌ಗಳಿಂದ ಆಗುತ್ತಿವೆ.

ಮಾಸ್ಟರ್ ಸಿಲಿಂಡರ್ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಒಂದು ಉದ್ದನೆಯ ನುಣುಪಾದ ಕೊಳವೆ. ಅದರಲ್ಲಿ ಒಂದರ ಮುಂದೆ ಒಂದು ಎರಡು ಪಿಸ್ಟನ್. ಪಿಸ್ಟನ್‌ಗಳ ಮೇಲೆ ಬಟ್ಟಲಿನಾಕಾರದ ರಬ್ಬರ್ ಸೀಲ್‌ಗಳು, ಬಕೆಟ್ ವಾಷರ್ ಎನ್ನುತ್ತಾರೆ. ಪೆಡಲ್ ಒತ್ತಿದಾಗ ಬೂಸ್ಟರ್‌ನಿಂದ ಬರುವ ರಾಡ್ ಹಿಂದಿನ ಪಿಸ್ಟನ್ ತಳ್ಳುತ್ತದೆ, ಅದು ಮುಂದಿನದನ್ನು ತಳ್ಳುತ್ತದೆ. ಒಂದೊಂದು ಪಿಸ್ಟನ್‌ಗೆ ಎರಡೆರಡು ಚಕ್ರ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇದನ್ನು ಓರೆಯಾಗಿ ಹಂಚಿರುತ್ತಾರೆ. ಅಂದರೆ ಮುಂದಿನ ಒಂದು ಚಕ್ರಕ್ಕೆ ಹಿಂದಿನ ಎದುರು ಬದಿಯ ಚಕ್ರ ಜೋಡಿ. ಒಂದು ಪೈಪ್ ಒಡೆದರೂ ಅರ್ಧ ಬ್ರೇಕ್ ಉಳಿಯಲಿ ಎಂಬ ಲೆಕ್ಕ. ಹಳೆಯ ಅಂಬಾಸಿಡರ್, ಫಿಯಟ್‌ಗಳಲ್ಲಿ ಈ ಭಾಗ್ಯ ಇರಲಿಲ್ಲ. ಒಂದೇ ಪಿಸ್ಟನ್, ಒಂದೇ ದಾರಿ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕು ಚಕ್ರವೂ ಹೋದ ಹಾಗೆಯೇ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಈ ಎರಡು ದಾರಿಯ ವ್ಯವಸ್ಥೆಯನ್ನು ಕಡ್ಡಾಯ ಮಾಡಿದರು.

ಈಗ ನಿಮ್ಮ ಪೆಡಲ್. ಬಕೆಟ್ ವಾಷರ್‌ನ ತುಟಿ ಕೊಳವೆಯ ಗೋಡೆಗೆ ಒತ್ತಿಕೊಂಡಿರಬೇಕು. ಅದನ್ನು ಗೋಡೆಗೆ ಒತ್ತುವುದು ಆಯಿಲ್‌ನ ಒತ್ತಡವೇ. ನೀವು ಜೋರಾಗಿ ತುಳಿದಾಗ ಒತ್ತಡ ಜಾಸ್ತಿ, ತುಟಿ ಗಟ್ಟಿಯಾಗಿ ಕೂರುತ್ತದೆ, ಪೆಡಲ್ ನಿಲ್ಲುತ್ತದೆ. ಹಗುರವಾಗಿ ಕಾಲಿಟ್ಟಾಗ ಒತ್ತಡ ಕಡಿಮೆ. ಸವೆದ ತುಟಿ ಗೋಡೆಗೆ ಪೂರ್ತಿ ತಾಗುವುದಿಲ್ಲ. ಆಯಿಲ್ ಸಂದಿಯಿಂದ ಹಿಂದಕ್ಕೆ ಜಾರಿ ಡಬ್ಬಿಗೆ ವಾಪಸ್ ಹೋಗುತ್ತದೆ. ಪೆಡಲ್ ಇಳಿಯುತ್ತದೆ, ಡಬ್ಬಿಯ ಮಟ್ಟ ಮಾತ್ರ ಇಳಿಯುವುದಿಲ್ಲ. ಇದು ಒಳಸೋರಿಕೆ. ಬ್ರೇಕ್ ಚೆನ್ನಾಗಿದೆ ಎಂದು ಜನ ಮೋಸಹೋಗುವುದು ಇಲ್ಲೇ. ಜೋರಾಗಿ ಒತ್ತಿ ನೋಡುತ್ತಾರೆ, ಗಟ್ಟಿಯಾಗಿದೆ, ಸರಿ ಎಂದು ಬಿಟ್ಟುಬಿಡುತ್ತಾರೆ.

ಆಯಿಲ್ ಕಾಣೆಯಾಗುತ್ತಿರುವುದು ಇನ್ನೊಂದು ವಾಷರ್‌ನಿಂದ. ಹಿಂದಿನ ಪಿಸ್ಟನ್‌ನ ಬಾಲದ ಹತ್ತಿರ, ಸಿಲಿಂಡರ್‌ನ ಬಾಯಲ್ಲಿ ಅದು ಇರುತ್ತದೆ. ಅದರ ಆಚೆ ಬೂಸ್ಟರ್. ಎಂಜಿನ್ ಓಡುವಾಗ ಬೂಸ್ಟರ್‌ನ ಮುಂಭಾಗದಲ್ಲಿ ಗಾಳಿ ಎಳೆದುಕೊಂಡು ನಿರ್ವಾತ ಇರುತ್ತದೆ. ಹಾಗಾಗಿ ವಾಷರ್ ಕೊಂಚ ಬಿಟ್ಟುಕೊಟ್ಟರೂ ಬೂಸ್ಟರ್ ಆಯಿಲ್ ಅನ್ನು ತನ್ನ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ನೆಲಕ್ಕೆ ಹನಿ ಬೀಳುವುದೇ ಇಲ್ಲ. ಸ್ವಲ್ಪ ಹೊರಗೆ ಜಿನುಗಿದ್ದು ಬೂಸ್ಟರ್ ಮುಖದ ಮೇಲೆ ಇಳಿದು ಬಣ್ಣ ತಿನ್ನುತ್ತದೆ. ನೀವು ಕಂಡ ಗುಳ್ಳೆ ಅದೇ. ಬ್ರೇಕ್ ಆಯಿಲ್‌ಗೆ ಕಾರಿನ ಬಣ್ಣ ಎಂದರೆ ಆಗದು. ಬೂಸ್ಟರ್ ಒಳಗೆ ಜಾಸ್ತಿ ತುಂಬಿದರೆ ಅದು ವ್ಯಾಕ್ಯೂಮ್ ಹೋಸ್ ಮೂಲಕ ಎಂಜಿನ್‌ಗೂ ಹೋಗುತ್ತದೆ. ಆಗ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಕಾಣಬಹುದು.

ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಬಂದ್ ಮಾಡಿ ಪೆಡಲ್ ಅನ್ನು ಹಲವು ಸಲ ಒತ್ತಿ, ಬೂಸ್ಟರ್‌ನ ನಿರ್ವಾತ ಪೂರ್ತಿ ಹೋಗಲಿ. ಸಿಲಿಂಡರ್ ಅನ್ನು ಬೂಸ್ಟರ್‌ಗೆ ಹಿಡಿದಿರುವ ಎರಡು ನಟ್ ಬಿಚ್ಚಿ. ಪೈಪ್‌ಗಳು ಬಾಗದ ಹಾಗೆ ಸಿಲಿಂಡರನ್ನು ಮೆಲ್ಲಗೆ ಒಂದು ಬೆರಳಿನಷ್ಟು ಮುಂದಕ್ಕೆ ಎಳೆಯಿರಿ. ಸಂದಿಯೊಳಗೆ ಬಿಳಿ ಟಿಶ್ಯೂ ತುಂಡು ತೂರಿಸಿ ಒರೆಸಿ. ಜಾರುವ, ಹಳದಿ ಅಥವಾ ಕಂದು ಬಣ್ಣದ ಒದ್ದೆ ಬಂದರೆ ಅನುಮಾನವೇ ಬೇಡ.

ಹಾಗಾದರೆ ಬೂಸ್ಟರ್ ಹೋಗಿದೆ ಎಂದವರ ಮಾತು? ಹೋಗಿರಲೂಬಹುದು, ಆದರೆ ಅದು ರೋಗದ ಮೂಲ ಅಲ್ಲ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಇಳಿಯುವುದಿಲ್ಲ. ಅದನ್ನೂ ಮನೆಯಲ್ಲೇ ನೋಡಬಹುದು. ಎಂಜಿನ್ ಬಂದ್ ಇರುವಾಗ ನಾಲ್ಕೈದು ಸಲ ಪೆಡಲ್ ಒತ್ತಿ, ಆಮೇಲೆ ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಬೂಸ್ಟರ್ ಅಥವಾ ಅದರ ಹೋಸ್ ನೋಡಬೇಕು. ಆದರೆ ಬೂಸ್ಟರ್ ಒಳಗಿನ ದೊಡ್ಡ ರಬ್ಬರ್ ಪೊರೆಯನ್ನು ಬ್ರೇಕ್ ಆಯಿಲ್‌ಗೆ ನೆನೆಯಲು ಮಾಡಿಲ್ಲ. ಅದಕ್ಕೇ ಈ ಸೋರಿಕೆಯನ್ನು ಟಾಪ್ ಅಪ್ ಮಾಡಿಕೊಂಡು ಮುಂದೂಡಿದಷ್ಟೂ ಬೂಸ್ಟರ್‌ನ ಖರ್ಚೂ ಸೇರಿಕೊಳ್ಳುತ್ತದೆ.

ಇನ್ನು ಕಿಟ್ ವಿಚಾರ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಕಾರಿಗೆ ಕಿಟ್ ಬೇಡ, ಪೂರ್ತಿ ಸಿಲಿಂಡರ್ ಹಾಕಿ. ನಿಮ್ಮ ಮೆಕ್ಯಾನಿಕ್ ಕೆಟ್ಟ ಉದ್ದೇಶದಿಂದ ಹೇಳಿರಲಾರರು. ಎರಕದ ಕಬ್ಬಿಣದ ಸಿಲಿಂಡರ್‌ಗಳ ಕಾಲದಲ್ಲಿ ಕಿಟ್ ಹಾಕುವುದೇ ಪದ್ಧತಿ. ಕೊಳವೆಗೆ ಹೋನ್ (ಒಳಗೋಡೆ ಉಜ್ಜುವ ಸಾಧನ) ಹಾಕಿ ನುಣುಪು ಮಾಡಿ, ಹೊಸ ವಾಷರ್ ಕೂರಿಸಿದರೆ ವರ್ಷಗಟ್ಟಲೆ ಓಡುತ್ತಿತ್ತು. ನಿಮ್ಮ ಸಿಲಿಂಡರ್‌ಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಅದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕೊಳವೆಯ ಒಳಗೆ ಸಾಮಾನ್ಯವಾಗಿ ತೆಳುವಾದ ಗಟ್ಟಿ ಪದರ ಇರುತ್ತದೆ, ಅನೋಡೈಸ್ ಮಾಡಿದ್ದು. ಹೋನ್ ಹಾಕಿದ ತಕ್ಷಣ ಆ ಪದರ ಹೋಯಿತು. ಕೆಳಗಿನ ಮೆದು ಲೋಹದ ಮೇಲೆ ಹೊಸ ವಾಷರ್ ಓಡಾಡಿ ಬೇಗ ಸವೆಯುತ್ತದೆ. ಹೋನ್ ಹಾಕದೇ ಸುಮ್ನೆ ವಾಷರ್ ಮಾತ್ರ ಬದಲಿಸಿದರೆ, ಹಳೆಯ ವಾಷರ್ ತಿಂದ ಅದೇ ಗೀರು, ಅದೇ ಗುಳಿ ಹೊಸದನ್ನೂ ತಿನ್ನುತ್ತವೆ.

ಆ ಗುಳಿ ಎಲ್ಲಿಂದ ಬಂತು ಅಂತ ಗೊತ್ತಾದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯ ದ್ರವ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ತೇವಕ್ಕೇನೂ ಬರವಿಲ್ಲ. ಹೀರಿದ ನೀರು ಸಿಲಿಂಡರ್‌ನ ಲೋಹವನ್ನು ಒಳಗಿಂದಲೇ ತಿನ್ನುತ್ತದೆ. ದಿನವೂ ವಾಷರ್ ಓಡಾಡುವ ಜಾಗ ಉಜ್ಜಿ ಉಜ್ಜಿ ನುಣುಪಾಗಿಯೇ ಇರುತ್ತದೆ. ವಾಷರ್ ಎಂದೂ ಮುಟ್ಟದ ಮುಂದಿನ ತುದಿಯಲ್ಲಿ ಬಿಳಿ ಪುಡಿಯಂಥ ಕಿಲುಬು ಕೂರುತ್ತದೆ. ಎಂದಾದರೂ ಒಂದು ದಿನ ಯಾರೋ ಏರ್ ತೆಗೆಯಲೆಂದು, ಅಂದರೆ ಬ್ರೇಕ್ ಪೈಪ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹಾಕಲೆಂದು, ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತುತ್ತಾರೆ. ವಾಷರ್‌ನ ತುಟಿ ಆ ಕಿಲುಬಿನ ಮೇಲೆ ಹಾದು ಹರಿಯುತ್ತದೆ. ಹಳೇ ಕಾರಿಗೆ ಬ್ರೇಕ್ ಶೂ ಹಾಕಿಸಿದ ವಾರದಲ್ಲೇ ಮಾಸ್ಟರ್ ಸಿಲಿಂಡರ್ ಹೋಯಿತು ಎಂದು ಎಷ್ಟೋ ಜನ ಹೇಳುವುದರ ಹಿಂದಿನ ಕಾರಣ ಬಹಳ ಸಲ ಇದೇ. ಅದಕ್ಕಾಗಿ ಹಳೆಯ ಸಿಲಿಂಡರ್ ಇರುವ ಯಾವ ಕಾರಿನ ಏರ್ ತೆಗೆಯುವಾಗಲೂ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಅದು ಪೂರ್ತಿ ಕೆಳಗೆ ಹೋಗದಿರಲಿ.

ಕಿಟ್‌ಗೂ ಪೂರ್ತಿ ಸಿಲಿಂಡರ್‌ಗೂ ಬೆಲೆಯಲ್ಲಿ ದೊಡ್ಡ ಅಂತರ ಇದೆ, ನಿಜ. ಆದರೆ ಎರಡಕ್ಕೂ ಬಿಚ್ಚುವ ಕೆಲಸ ಒಂದೇ, ಏರ್ ತೆಗೆಯುವ ಕೆಲಸ ಒಂದೇ, ಆಯಿಲ್ ಒಂದೇ. ಕಿಟ್ ಆರು ತಿಂಗಳಿಗೆ ಹೋದರೆ ಎಲ್ಲವೂ ಎರಡನೇ ಸಲ. ಸಿಲಿಂಡರೇ ಎಲ್ಲೂ ಸಿಗದ ಬಹಳ ಹಳೇ ಕಾರುಗಳಿಗೆ ಕಿಟ್ ಹಾಕುವುದು, ಅಥವಾ ಕೊಳವೆಗೆ ಸ್ಟೀಲ್ ಸ್ಲೀವ್ ಹಾಕಿಸುವುದು ಸರಿಯಾದ ದಾರಿಯೇ. ಝೆನ್‌ಗೆ ಇನ್ನೂ ಆ ಸ್ಥಿತಿ ಬಂದಿಲ್ಲ. 2006ರಲ್ಲಿ ಆ ಮಾಡೆಲ್ ನಿಂತರೂ ಅದರ ಬಿಡಿಭಾಗಗಳ ವ್ಯಾಪಾರ ನಿಂತಿಲ್ಲ. ಮಂಗಳೂರಿನಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಲು ಹೇಳಿ.

ಕೊಳ್ಳುವಾಗ ಹಳೆಯ ಸಿಲಿಂಡರ್ ಅಥವಾ ಅದರ ಫೋಟೋ ಜೊತೆಯಲ್ಲಿರಲಿ. ನೋಡಲು ಒಂದೇ ಥರ ಇದ್ದರೆ ಸಾಲದು, ಕೊಳವೆಯ ಅಳತೆ ಒಂದೇ ಇರಬೇಕು. ಅದನ್ನು ಬಹಳಷ್ಟು ಸಿಲಿಂಡರ್‌ಗಳ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ, ಹದಿಮೂರು ಹದಿನಾರನೇ ಇಂಚು, ಏಳು ಎಂಟನೇ ಇಂಚು ಅಂತ ಇಂಚಿನ ಭಾಗಗಳಲ್ಲಿ. ಮೊದಲನೆಯದು 20.64 ಮಿ.ಮೀ., ಎರಡನೆಯದು 22.22 ಮಿ.ಮೀ. ಕಣ್ಣಿಗೆ ಒಂದೂವರೆ ಮಿ.ಮೀ. ವ್ಯತ್ಯಾಸ ಅಷ್ಟೇ. ಆದರೆ ಕೊಳವೆಯ ವಿಸ್ತೀರ್ಣ ಶೇ 16ರಷ್ಟು ಜಾಸ್ತಿಯಾಗುತ್ತದೆ. ಅಂದರೆ ಅಷ್ಟೇ ಬ್ರೇಕ್ ಬೀಳಲು ನಿಮ್ಮ ಕಾಲು ಶೇ 16ರಷ್ಟು ಜಾಸ್ತಿ ಒತ್ತಬೇಕು. ಅಂಗಡಿಯವರು 'ಇದೂ ಕೂರುತ್ತದೆ ಸಾರ್' ಎಂದರೆ ಒಪ್ಪಬೇಡಿ. ಕೂರುವುದು ಬೇರೆ, ಕಾರು ನಿಲ್ಲುವುದು ಬೇರೆ. ನಕಲಿ ಮಾಲು ಜಾಸ್ತಿ ಇರುವ ಭಾಗ ಇದು. ಡಬ್ಬ ಸೀಲ್ ಆಗಿರಲಿ, ಬಿಲ್ ಇರಲಿ, ಪೈಪ್ ಕೂರುವ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇರಲಿ.

ನೀವೇ ಮಾಡಬಹುದೇ ಎಂದು ಕೇಳಿದ್ದೀರಿ. ಕ್ಲಚ್ ಕೇಬಲ್ ಹಾಕುವವರಿಗೆ ಇಲ್ಲಿನ ಬಿಚ್ಚುವ, ಕಟ್ಟುವ ಕೆಲಸ ಕಷ್ಟವಲ್ಲ. ಕಷ್ಟ ಇರುವುದು ತಾಳ್ಮೆಯಲ್ಲಿ ಮತ್ತು ಒಂದು ಉಪಕರಣದಲ್ಲಿ. ಬ್ರೇಕ್ ಪೈಪ್‌ನ ನಟ್‌ಗೆ ಸಾಮಾನ್ಯ ಸ್ಪ್ಯಾನರ್ ಹಾಕಲೇಬೇಡಿ. ಆ ನಟ್ ಮೆದು, ಇಷ್ಟು ವರ್ಷಗಳ ತುಕ್ಕು ಹಿಡಿದಿರುತ್ತದೆ, ಮೂಲೆಗಳು ಉರುಟಾಗಿ ಹೋದರೆ ಪೈಪನ್ನೇ ಕತ್ತರಿಸಬೇಕಾಗುತ್ತದೆ. ಇದಕ್ಕೆಂದೇ ಒಂದು ಬದಿ ಸೀಳಿದ ರಿಂಗ್ ಸ್ಪ್ಯಾನರ್ ಬರುತ್ತದೆ, ಫ್ಲೇರ್ ನಟ್ ಸ್ಪ್ಯಾನರ್ ಎಂದು ಕೇಳಿ. ಪೈಪನ್ನು ಸೀಳಿನಿಂದ ಒಳಗೆ ಬಿಟ್ಟುಕೊಂಡು ನಟ್ಟನ್ನು ಸುತ್ತಲೂ ಹಿಡಿಯುತ್ತದೆ. ಸಾಮಾನ್ಯವಾಗಿ 10 ಮಿ.ಮೀ. ಅಳತೆ ಬೇಕಾಗುತ್ತದೆ. ಅದಿಲ್ಲದೆ ಕೆಲಸ ಶುರು ಮಾಡಬೇಡಿ.

ಹಿಂದಿನ ರಾತ್ರಿಯೇ ಆ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಬ್ಯಾಟರಿ ತಂತಿ ಬಿಚ್ಚಿ. ಮಡ್‌ಗಾರ್ಡ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಬಣ್ಣದ ಮೇಲೆ ಹನಿ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿಯಿರಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಡಬ್ಬಿಯಲ್ಲಿರುವ ಹಳೇ ಆಯಿಲನ್ನು ದೊಡ್ಡ ಸಿರಿಂಜ್‌ನಲ್ಲಿ ಎಳೆದು ತೆಗೆಯಿರಿ. ಲೆವೆಲ್ ಸ್ವಿಚ್ ವೈರ್ ಇದ್ದರೆ ಬಿಚ್ಚಿ. ಪೈಪ್ ನಟ್ ತಿರುಗಿಸುವಾಗ ಪೈಪ್‌ನ ಮೇಲೆ ಕಣ್ಣಿಡಿ. ತುಕ್ಕು ಹಿಡಿದು ನಟ್ಟೂ ಪೈಪೂ ಅಂಟಿಕೊಂಡಿದ್ದರೆ ನಟ್ ಜೊತೆ ಪೈಪೂ ತಿರುಚಿಕೊಳ್ಳುತ್ತದೆ. ಆಗ ಬಲ ಹಾಕಬೇಡಿ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಸ್ಪ್ರೇ, ಮತ್ತೆ ಸ್ವಲ್ಪ ಬಿಚ್ಚಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಪೈಪ್ ಬಿಟ್ಟ ಕೂಡಲೇ ಬಾಯಿಗೆ ಶುಭ್ರವಾದ ರಬ್ಬರ್ ಮುಚ್ಚಳ ಹಾಕಿ. ಧೂಳು, ಮರಳಿನ ಒಂದು ಕಣ ಹೊಸ ವಾಷರ್‌ಗೆ ಸಾಕು.

ಸಿಲಿಂಡರ್ ಹೊರಬಂದ ಮೇಲೆ ಬೂಸ್ಟರ್‌ನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಆಯಿಲ್ ನಿಂತಿದ್ದರೆ ಬಟ್ಟೆಯಿಂದ ಪೂರ್ತಿ ಹೀರಿಸಿ ತೆಗೆಯಿರಿ. ಅಲ್ಲಿ ಕಾಣುವ ರಾಡ್‌ನ ತುದಿಯ ಸ್ಕ್ರೂವನ್ನು ಕುತೂಹಲಕ್ಕೂ ತಿರುಗಿಸಬೇಡಿ. ಈ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸ ಸಿಲಿಂಡರ್ ಹಾಕಿದ ಮೇಲೆ ಬ್ರೇಕ್ ಹಿಡಿದುಕೊಂಡುಬಿಡುವ ತೊಂದರೆ ಹುಟ್ಟುವುದು ಇಲ್ಲಿಂದ.

ಪೆಡಲ್ ಪೂರ್ತಿ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬಂದು, ಕೊಳವೆಯಲ್ಲಿರುವ ಸೂಜಿ ಮೊನೆಯಂಥ ಒಂದು ತೂತು ತೆರೆದುಕೊಳ್ಳಬೇಕು. ಆ ತೂತಿನಿಂದಲೇ ಚಕ್ರಗಳ ಕಡೆಯ ಆಯಿಲ್ ಡಬ್ಬಿಗೆ ವಾಪಸ್ ಬರುವುದು. ರಾಡ್ ಒಂದಿಷ್ಟು ಉದ್ದವಾಗಿ ಪಿಸ್ಟನ್ ಅನ್ನು ಸದಾ ಒತ್ತಿ ಹಿಡಿದಿದ್ದರೆ ತೂತು ಮುಚ್ಚಿಯೇ ಇರುತ್ತದೆ. ಓಡುತ್ತಾ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ವಾಪಸ್ ಹೋಗಲು ದಾರಿ ಇಲ್ಲ. ಬ್ರೇಕ್ ತಾನಾಗಿಯೇ ಹಿಡಿಯುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಹಿಡಿಯುತ್ತದೆ. ರಾಡ್ ಗಿಡ್ಡವಾದರೆ ಪೆಡಲ್ ಅರ್ಧ ದಾರಿ ಹೋಗುವವರೆಗೆ ಬ್ರೇಕೇ ಸಿಗದು. ಆದ್ದರಿಂದ ಹಳೆಯ ಮತ್ತು ಹೊಸ ಸಿಲಿಂಡರ್‌ಗಳಲ್ಲಿ, ಬೂಸ್ಟರ್‌ಗೆ ತಾಗುವ ಚಪ್ಪಟೆ ಮುಖದಿಂದ ಪಿಸ್ಟನ್‌ನ ಗುಳಿಯವರೆಗಿನ ಆಳವನ್ನು ವರ್ನಿಯರ್‌ನಲ್ಲಿ ಅಳೆದು ಹೋಲಿಸಿ. ಒಂದೇ ಇದ್ದರೆ ರಾಡ್ ಮುಟ್ಟುವ ಅಗತ್ಯವಿಲ್ಲ. ಅನುಮಾನ ಇದ್ದರೆ ಮಕ್ಕಳ ಕ್ಲೇ ಒಂದು ಚೂರು ರಾಡ್ ತುದಿಗೆ ಅಂಟಿಸಿ, ಸಿಲಿಂಡರ್ ಕೂರಿಸಿ ಬಿಚ್ಚಿ. ಕ್ಲೇ ಎಷ್ಟು ತೆಳ್ಳಗಾಗಿದೆ ಎಂಬುದೇ ಅಲ್ಲಿನ ಅಂತರ. ಅದು ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೆ ಕೂರಬೇಕು. ನೋಡಿದ ಮೇಲೆ ಕ್ಲೇ ಪೂರ್ತಿ ಒರೆಸಿ ತೆಗೆಯಿರಿ.

ಹೊಸ ಸಿಲಿಂಡರನ್ನು ನೇರವಾಗಿ ಕಾರಿಗೆ ಹಾಕಬೇಡಿ. ಅದರ ಒಳಗೆ ಪೂರ್ತಿ ಗಾಳಿ ಇದೆ. ಆ ಗಾಳಿಯನ್ನು ಚಕ್ರಗಳ ನಿಪ್ಪಲ್‌ನಿಂದ (ಗಾಳಿ, ಆಯಿಲ್ ಹೊರಬಿಡುವ ಸಣ್ಣ ಬಾಯಿ) ತೆಗೆಯಲು ಹೋದರೆ ದಿನವೆಲ್ಲ ಪಂಪ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗೇ ಇರಬಹುದು. ಮೇಜಿನ ಮೇಲೆಯೇ ಅದನ್ನು ಹೊರಹಾಕಬೇಕು. ಡಬ್ಬಿ ಜೋಡಿಸುವಾಗ ಹೊಸ ರಬ್ಬರ್ ಬುಷ್ ಹಾಕಿ, ಅದಕ್ಕೆ ಬ್ರೇಕ್ ಆಯಿಲನ್ನೇ ಸವರಿ, ನೇರವಾಗಿ ಒತ್ತಿ. ಗ್ರೀಸ್ ಬೇಡ. ಸಿಲಿಂಡರ್‌ನ ಕಿವಿಯನ್ನು ವೈಸ್‌ಗೆ ಹಿಡಿಸಿ, ಮೈಯನ್ನಲ್ಲ. ಪೈಪ್ ಕೂರುವ ತೂತುಗಳಿಗೆ ಚಿಕ್ಕ ಪ್ಲಾಸ್ಟಿಕ್ ಕೊಳವೆ ಹಾಕಿ, ಅದರ ಇನ್ನೊಂದು ತುದಿ ಡಬ್ಬಿಯ ಆಯಿಲ್‌ನಲ್ಲಿ ಮುಳುಗಿರಲಿ. ಈಗ ಉರುಟು ತುದಿಯ ಸ್ಕ್ರೂಡ್ರೈವರ್‌ನಿಂದ ಪಿಸ್ಟನ್ ಅನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಮೊದಲು ದೊಡ್ಡ ಗುಳ್ಳೆಗಳು ಬುಳಬುಳ ಬರುತ್ತವೆ, ಆಮೇಲೆ ಸಾಸಿವೆಯಷ್ಟು, ಆಮೇಲೆ ಹೊಗೆಯ ಎಳೆಯಂಥ ಸಣ್ಣ ಗುಳ್ಳೆ. ಅದೂ ನಿಂತು, ಪಿಸ್ಟನ್ ಕೈಗೆ ಗಟ್ಟಿಯಾಗಿ ಸಿಕ್ಕ ಮೇಲೆ ಆಯಿತು. ಅವಸರದಲ್ಲಿ ಪಟಪಟ ಒತ್ತಿದರೆ ಗಾಳಿ ಆಯಿಲ್‌ನಲ್ಲಿ ನೊರೆಯಾಗಿ ಬೆರೆಯುತ್ತದೆ, ಮತ್ತೆ ಕಾಯಬೇಕು.

ಕಾರಿಗೆ ಕೂರಿಸುವಾಗ, ಎರಡು ದೊಡ್ಡ ನಟ್ ಬಿಗಿ ಮಾಡುವ ಮೊದಲೇ ಪೈಪ್ ನಟ್‌ಗಳನ್ನು ಬೆರಳಲ್ಲೇ ಮೂರ್ನಾಲ್ಕು ಸುತ್ತು ಹತ್ತಿಸಿ. ಸಿಲಿಂಡರ್ ಅಲುಗಾಡುತ್ತಿರುವಾಗ ಪೈಪ್ ನೇರವಾಗಿ ಕೂರುತ್ತದೆ. ಮೊದಲೇ ಬಿಗಿ ಮಾಡಿಬಿಟ್ಟರೆ ಪೈಪ್ ಓರೆಯಾಗಿ ಸಿಕ್ಕಿ ಅಲ್ಯೂಮಿನಿಯಂನಲ್ಲಿ ನಟ್ ಹತ್ತುವ ಸುರುಳಿ ಗೆರೆ ಹಾಳಾಗುತ್ತದೆ. ಹೊಸ ಸಿಲಿಂಡರ್ ಅಲ್ಲಿಗೆ ಮುಗಿಯಿತು. ಬೂಸ್ಟರ್‌ಗೂ ಸಿಲಿಂಡರ್‌ಗೂ ನಡುವಿನ ರಬ್ಬರ್ ರಿಂಗ್ ಹೊಸದೇ ಹಾಕಿ. ಪೈಪ್ ನಟ್ ಬಿಗಿಯುವ ಬಲ ಸುಮಾರು 15 ನ್ಯೂಟನ್ ಮೀಟರ್ ಆಸುಪಾಸು ಸಾಕಾಗುತ್ತದೆ. ಮೈಯೆಲ್ಲ ಬಲ ಹಾಕುವ ಕೆಲಸ ಅಲ್ಲ ಇದು.

ಏರ್ ತೆಗೆಯಲು ಇಬ್ಬರು ಬೇಕು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಬಂದ್ ಇರಲಿ. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡಿ, ಅಂದರೆ ನಮ್ಮ ಬಲಗಡೆ ಸ್ಟೀರಿಂಗ್‌ನ ಕಾರುಗಳಲ್ಲಿ ಹಿಂದಿನ ಎಡ ಚಕ್ರ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಲಿ. ಒಳಗೆ ಕುಳಿತವರು 'ಒತ್ತಿದೆ' ಎಂದ ಮೇಲೆ ನಿಪ್ಪಲ್ ಬಿಚ್ಚಿ, ಹರಿದ ಮೇಲೆ ಮುಚ್ಚಿ, ಆಮೇಲೆ 'ಬಿಡಿ' ಎನ್ನಿ. ಮುಚ್ಚುವ ಮೊದಲೇ ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ. ಪ್ರತಿ ಚಕ್ರದಲ್ಲೂ ಗುಳ್ಳೆ ನಿಂತರೆ ಸಾಲದು, ಕಂದು ಬಣ್ಣ ಹೋಗಿ ತಿಳಿಯಾದ ಹೊಸ ಆಯಿಲ್ ಬರುವವರೆಗೆ ಬಿಡಿ. ನಡುನಡುವೆ ಡಬ್ಬಿ ತುಂಬಿಸುತ್ತಲೇ ಇರಿ. ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ಒಟ್ಟು ಒಂದು ಲೀಟರ್ ಇಟ್ಟುಕೊಳ್ಳಿ, ಎರಡು ಅರ್ಧ ಲೀಟರ್ ಬಾಟಲಿಗಳಾದರೆ ಒಳ್ಳೆಯದು. ಸೀಲ್ ಒಡೆದು ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿ ಇಡಬೇಡಿ.

ಡಾಟ್ 4 ಹಾಕಬಹುದು. ನಿಮ್ಮ ದಾರಿಗೆ ಅದೇ ಒಳ್ಳೆಯದು. ಡಾಟ್ 3 ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಹೀರಿದ ಮೇಲೆ 140 ಡಿಗ್ರಿವರೆಗೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಬೀಳುತ್ತದೆ. ಹಳೇ ತೇವದ ಆಯಿಲ್ ಕ್ಯಾಲಿಪರ್‌ನಲ್ಲಿ (ಮುಂದಿನ ಚಕ್ರದ ಡಿಸ್ಕ್ ಅನ್ನು ಹಿಡಿಯುವ ಭಾಗ) ಕುದಿದರೆ ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಬ್ರೇಕ್ ಇಲ್ಲ. ಡಾಟ್ 3 ಮತ್ತು 4 ಒಂದಕ್ಕೊಂದು ಬೆರೆತರೂ ತೊಂದರೆ ಇಲ್ಲ. ಡಾಟ್ 5 ಮಾತ್ರ ಸಿಲಿಕೋನ್ ಜಾತಿ, ಅದನ್ನು ಇದರ ಜೊತೆ ಬೆರೆಸಲೇಬಾರದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ತಪ್ಪಿ ಡಬ್ಬಿಗೆ ಬಿದ್ದರೆ, ಸಿಲಿಂಡರ್ ಒಳಭಾಗವನ್ನು ಪೆಟ್ರೋಲ್‌ನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದರೆ, ವಾಷರ್‌ಗಳೆಲ್ಲ ಉಬ್ಬಿ ಇಡೀ ಬ್ರೇಕ್ ವ್ಯವಸ್ಥೆಯ ರಬ್ಬರ್ ಬದಲಿಸಬೇಕಾಗುತ್ತದೆ. ಡಾಟ್ 4 ಹಾಕಿದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಎರಡನೇ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್‌ಗೆ ವಿಶ್ರಾಂತಿ ಸಿಗುತ್ತದೆ.

ಇನ್ನೊಂದು ಕೆಲಸ ಅದೇ ದಿನ ಮಾಡಿಸಿ. ಹಿಂದಿನ ಎರಡೂ ಡ್ರಮ್ ತೆಗೆದು ವೀಲ್ ಸಿಲಿಂಡರ್‌ನ (ಬ್ರೇಕ್ ಶೂಗಳನ್ನು ಡ್ರಮ್‌ಗೆ ತಳ್ಳುವ ಭಾಗ) ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ ನೋಡಿ. ಹೊರಗೆ ಒಣಗಿದ್ದರೂ ಟೋಪಿಯ ಒಳಗೆ ಆಯಿಲ್ ನಿಂತಿರುವುದು ಬಹಳ ಸಾಮಾನ್ಯ. ಅವೂ ಮಾಸ್ಟರ್ ಸಿಲಿಂಡರ್‌ನ ವಯಸ್ಸಿನವೇ.  ಒದ್ದೆ ಕಂಡರೆ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ.

ಕಾರು ರಸ್ತೆಗೆ ಇಳಿಯುವ ಮೊದಲು ಕೆಲವು ಪರೀಕ್ಷೆ. ಎಂಜಿನ್ ಬಂದ್ ಇಟ್ಟು, ಹಗುರವಾಗಿ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಜೋರಾಗಿ ಒತ್ತಿ ಅರ್ಧ ನಿಮಿಷ. ಎರಡು ಸಲವೂ ಪೆಡಲ್ ಅಲುಗಬಾರದು. ಹಗುರವಾಗಿ ಒತ್ತುವ ಪರೀಕ್ಷೆಯೇ ಮುಖ್ಯ, ಅದನ್ನು ಬಿಡಬೇಡಿ. ಡಬ್ಬಿಯ ಮುಚ್ಚಳ ತೆಗೆದು, ಮುಖ ದೂರ ಇಟ್ಟು, ಇನ್ನೊಬ್ಬರಿಗೆ ಪೆಡಲನ್ನು ಮೆಲ್ಲಗೆ ತಟ್ಟಲು ಹೇಳಿ. ಒತ್ತಿದ ಮೊದಲ ಕ್ಷಣದಲ್ಲಿ ಆಯಿಲ್ ಮೇಲೆ ಸಣ್ಣ ಅಲೆ ಎದ್ದರೆ ಆ ಸೂಜಿ ತೂತು ತೆರೆದಿದೆ ಎಂದರ್ಥ. ಪೆಡಲ್ ಬಿಟ್ಟ ಕೂಡಲೇ ನಾಲ್ಕೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ನಂತರ ಅಂಗಳದಲ್ಲೇ, ನಡೆಯುವ ವೇಗದಲ್ಲಿ, ಕೈ ಹ್ಯಾಂಡ್‌ಬ್ರೇಕ್ ಮೇಲೆ ಇಟ್ಟು ಓಡಿಸಿ. ಹ್ಯಾಂಡ್‌ಬ್ರೇಕ್ ಕೇಬಲ್‌ನಿಂದ ನಡೆಯುತ್ತದೆ, ಆಯಿಲ್‌ನ ಹಂಗಿಲ್ಲ. ಖಾಲಿ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಬ್ರೇಕ್ ಹಾಕಿ, ನಿಂತು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ವಿಪರೀತ ಬಿಸಿ ಇದ್ದರೆ ಅದರ ಬ್ರೇಕ್ ಬಿಡುತ್ತಿಲ್ಲ.

ಇದರಲ್ಲಿ ಯಾವುದೇ ಹಂತದಲ್ಲಿ ಪೆಡಲ್ ಸ್ಪಂಜಿನಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ ಅನುಭವಿ ಮೆಕ್ಯಾನಿಕ್‌ರನ್ನು ಕರೆಯಿರಿ. ಕಿಟ್ ಹೇಳಿದವರನ್ನೇ ಕರೆದರೂ ಸರಿ. ಮೇಜಿನ ಮೇಲೆ ಏರ್ ತೆಗೆದೇ ಹಾಕಬೇಕು, ನಾಲ್ಕೂ ಚಕ್ರದಿಂದ ಹೊಸ ಆಯಿಲ್ ಬರಬೇಕು ಎಂದು ಮೊದಲೇ ಹೇಳಿ, ನೀವು ಪಕ್ಕದಲ್ಲೇ ನಿಂತು ನೋಡಿ. ತೆಗೆದ ಹಳೇ ಆಯಿಲನ್ನು ತೋಟಕ್ಕೋ ಚರಂಡಿಗೋ ಚೆಲ್ಲಬೇಡಿ. ಬೇರೆ ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜ್‌ಗೆ ಕೊಡಿ.

ಡಬ್ಬಿಯ ಮೇಲೆ ಮ್ಯಾಕ್ಸ್ ಗೆರೆಗೆ ಸರಿಯಾಗಿ ಒಂದು ಟೇಪ್ ಅಂಟಿಸಿ ದಿನಾಂಕ ಬರೆದಿಡಿ. ಮೊದಲ ವಾರ ಪ್ರತಿ ಬೆಳಿಗ್ಗೆ, ಆಮೇಲೆ ವಾರಕ್ಕೊಮ್ಮೆ ನೋಡಿ. ಮಟ್ಟ ಕೂದಲಿನಷ್ಟೂ ಇಳಿಯದೆ ಒಂದು ತಿಂಗಳು ನಿಂತರೆ ಮೂಡಿಗೆರೆಗೆ ಹೊರಡಿ. ಇಳಿದರೆ ಮೊದಲು ಹಿಂದಿನ ಡ್ರಮ್ ಬಿಚ್ಚಿಸಿ, ಆಮೇಲೆ ಬೂಸ್ಟರ್‌ನ ಸಂದಿಗೆ ಮತ್ತೆ ಟಿಶ್ಯೂ ತೂರಿಸಿ ನೋಡಿ.